ಮೊಮ್ಮಗನ ಗುಳ್ಳೆ ಮುಚ್ಚಿ ಬಸ್ಸು ಹತ್ತಲಿಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರದೇಶಕ್ಕೆ ಹೋಗಿಬರುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಪಾಸ್‌ಪೋರ್ಟು, ವೀಸಾ, ಹಣ ಬದಲಾಯಿಸುವುದು, ಸಸ್ಯಾಹಾರದ ಹೋಟೆಲು ಎಲ್ಲವೂ ಅದರಲ್ಲಿತ್ತು. ಹೋದ ಜಾಗದಲ್ಲಿ ಮಗುವಿಗೆ ಅಂಟುರೋಗ ಕಾಣಿಸಿಕೊಂಡರೆ ಏನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಈ ಏಪ್ರಿಲ್‌ನಲ್ಲಿ ನಾವು ಅದನ್ನೇ ಅನುಭವಿಸಿ ಬಂದಿದ್ದೇವೆ. ಹಾಗಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ದಯವಿಟ್ಟು ಮೊಟಕು ಮಾಡಬೇಡಿ.

ನಾನು ಸಕಲೇಶಪುರದವಳು. ಆಲೂರು ಮತ್ತು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 34 ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತಳಾದೆ. ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಹೋದ ಕೊಯ್ಲಿಗೆ ಕಾಫಿಗೆ ನಾವು ಕಂಡು ಕೇಳದಂಥ ಬೆಲೆ ಬಂತು. ಮಗ, 'ಅಮ್ಮ, ನೀನು ಒಂದು ಸಲವೂ ವಿಮಾನ ಹತ್ತಿಲ್ಲ, ಈ ಸಲ ಹೋಗಲೇಬೇಕು' ಅಂತ ಹಟ ಹಿಡಿದ. ಹಾಸನ, ಚಿಕ್ಕಮಗಳೂರು ಕಡೆಯ 22 ಜನರ ಒಂದು ಗುಂಪಿನಲ್ಲಿ ನಮ್ಮ ಹೆಸರೂ ಸೇರಿತು. ಸಿಂಗಪುರದಲ್ಲಿ ಎರಡು ರಾತ್ರಿ, ಮಲೇಷ್ಯಾದಲ್ಲಿ ಎರಡು ರಾತ್ರಿ. ಮಗ, ಸೊಸೆ, ಆರು ವರ್ಷದ ಮೊಮ್ಮಗ ಪುಟ್ಟ, ನಾನು. ನಮ್ಮನೆಯವರು ತೋಟಕ್ಕೆ ನೀರು ಹೊಡೆಸಬೇಕು ಅಂತ ಊರಲ್ಲೇ ಉಳಿದರು.

ಏಪ್ರಿಲ್ 10ರ ರಾತ್ರಿ ಬೆಂಗಳೂರಿನಿಂದ ಹೊರಟೆವು. 11ಕ್ಕೆ ಸಿಂಗಪುರ ನೋಡಿದ್ದಾಯಿತು. 12ರ ಮಧ್ಯಾಹ್ನ ಸೆಂಟೋಸಾ ದ್ವೀಪದಲ್ಲಿ ಪುಟ್ಟ ಮಂಕಾದ. ಐಸ್‌ಕ್ರೀಮು ಬೇಡ ಅಂದ. ಆ ಹುಡುಗ ಐಸ್‌ಕ್ರೀಮು ಬೇಡ ಅಂದರೆ ಏನೋ ಇದೆ ಅಂತ ನನಗೆ ಆಗಲೇ ಅನ್ನಿಸಿತು. ಹೋಟೆಲಿಗೆ ಬಂದು ಮುಟ್ಟಿದರೆ ಮೈ ಸುಡುತ್ತಿತ್ತು. 101 ಡಿಗ್ರಿ ಜ್ವರ. ಅಂಗಿ ಬಿಚ್ಚಿದರೆ ಹೊಟ್ಟೆಯ ಮೇಲೆ ಏಳೆಂಟು ಕೆಂಪು ಚುಕ್ಕೆ, ಎದೆಯ ಮೇಲೆ ಮೂರು. ಸೊಸೆ, 'ಸೊಳ್ಳೆ ಕಚ್ಚಿರಬೇಕು ಅತ್ತೆ, ಇಲ್ಲಾ ಬೆವರುಸಾಲೆ' ಅಂದಳು. ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ನೋಡಿದೆ. ಎರಡು ಚುಕ್ಕೆಯ ಮೇಲೆ ಆಗಲೇ ನೀರು ತುಂಬಿತ್ತು. ಬೆಳಗ್ಗೆ ಕಾಫಿ ಎಲೆಯ ಮೇಲೆ ಕೂತ ಇಬ್ಬನಿಯ ಹಾಗೆ ತೆಳ್ಳಗೆ, ಮುಟ್ಟಿದರೆ ಒಡೆಯುವ ಹಾಗೆ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳ ಮೈಮೇಲೆ ಅದನ್ನು ಕಂಡು ಮನೆಗೆ ಕಳಿಸಿದ್ದೇನೋ ಲೆಕ್ಕವಿಲ್ಲ. 'ಅಮ್ಮ ಎದ್ದಿದ್ದಾಳೆ' ಅಂದೆ.

ಡಾಕ್ಟರುಗಳು ಚಿಕನ್‌ಪಾಕ್ಸ್ ಅನ್ನುತ್ತಾರೆ, ಪುಸ್ತಕದಲ್ಲಿ ಸೀತಾಳೆ ಸಿಡುಬು ಅಂತಿರುತ್ತದೆ. ನಮ್ಮ ತಾಯಿಯ ಮುಖದ ಮೇಲೆ ಕುಳಿ ಬಿಟ್ಟು ಹೋಗಿದ್ದ ದೊಡ್ಡ ಸಿಡುಬು ಇದಲ್ಲ. ಅದು 1977ರಲ್ಲೇ ನಮ್ಮ ದೇಶದಿಂದ ಹೋಯಿತು ಅಂತ ಘೋಷಣೆಯಾಯಿತು, 1980ರಲ್ಲಿ ಇಡೀ ಪ್ರಪಂಚದಿಂದ. ಎರಡನ್ನೂ ಜನ ಅಮ್ಮ ಅಂತಲೇ ಕರೆಯುವುದರಿಂದ ಗೊಂದಲವಾಗುತ್ತದೆ.

ಮಗ ಟೂರ್ ಮ್ಯಾನೇಜರನ್ನು ಕೋಣೆಯ ಬಾಗಿಲಿಗೆ ಕರೆತಂದ. ಚಿಕ್ಕ ಹುಡುಗ, ಕೆಟ್ಟವನಲ್ಲ. ಮಾರನೇ ದಿನ ಬೆಳಗ್ಗೆ ಏಳಕ್ಕೆ ಬಸ್ಸಿನಲ್ಲಿ ಗಡಿ ದಾಟಿ ಕ್ವಾಲಾಲಂಪುರಕ್ಕೆ ಹೊರಡಬೇಕಿತ್ತು. ಅವನು ಹೇಳಿದ್ದು ಇದು: 'ಆಂಟಿ, ಗಾಬರಿ ಬೇಡ. ತುಂಬುತೋಳಿನ ಅಂಗಿ ಹಾಕಿ, ಟೋಪಿ ಹಾಕಿ. ಮುಖದ ಮೇಲೆ ಬಂದರೆ ಪೌಡರ್ ಹಚ್ಚಿ. ಗಡಿಗೆ ಒಂದು ಗಂಟೆ ಮುಂಚೆ ಜ್ವರದ ಸಿರಪ್ ಕೊಟ್ಟುಬಿಡಿ. ಯಾರೂ ನೋಡಲ್ಲ. ಎಷ್ಟು ಜನ ಹೀಗೆ ಹೋಗಿದ್ದಾರೆ.'

ಇಲ್ಲಿ ನಾನು ಒಂದು ಮಾತು ಮುಚ್ಚಿಡಬಾರದು. ಅವನು ಹೋದ ಮೇಲೆ ಸೂಟ್‌ಕೇಸ್ ತೆಗೆದು ಪುಟ್ಟನ ನೀಲಿ ತುಂಬುತೋಳಿನ ಅಂಗಿ ಹುಡುಕಿ ಮಡಿಸಿ ಮಂಚದ ತುದಿಯಲ್ಲಿ ಇಟ್ಟವಳು ನಾನೇ. ವಿಜ್ಞಾನದ ಮೇಷ್ಟರು ಅಂತ ಊರೆಲ್ಲ ಕರೆಸಿಕೊಂಡವಳು. ಮಗ ಮೂರೂವರೆ ಲಕ್ಷ ಕಟ್ಟಿದ್ದ. ಸೊಸೆ ಅವಳಿ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅಂತ ಹೊಸ ಸೀರೆ ತಂದಿದ್ದಳು. ಗೊತ್ತಿಲ್ಲದ ಊರು, ಬಾರದ ಭಾಷೆ, ಗುಂಪು ಬಿಟ್ಟು ಉಳಿಯುವುದು ಅಂದರೆ ಎದೆ ಝಲ್ ಅಂದಿತ್ತು. ಅರ್ಧ ಗಂಟೆ ಆ ಅಂಗಿ ಅಲ್ಲೇ ಇತ್ತು.

ನನ್ನ ಮನಸ್ಸು ತಿರುಗಿದ್ದು ನೀತಿಪಾಠ ನೆನಪಾಗಿ ಅಲ್ಲ, ಒಂದು ಹುಡುಗಿ ನೆನಪಾಗಿ. ನಮ್ಮ ಗುಂಪಿನಲ್ಲಿ ಅರಸೀಕೆರೆ ಕಡೆಯ ಹೊಸ ದಂಪತಿ ಇದ್ದರು. ಆಕೆಗೆ ಮೂರು ತಿಂಗಳು. ವಿಮಾನದಲ್ಲಿ ವಾಕರಿಕೆ ಬಂದಾಗ ನನ್ನ ಹತ್ತಿರವಿದ್ದ ನೆಲ್ಲಿಕಾಯಿ ಅಡಿಕೆ ಕೊಟ್ಟಿದ್ದೆ. ಅವತ್ತು ಬೆಳಗ್ಗೆಯೂ ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಿಂದ ಹಡಗು ತೋರಿಸಿದ್ದಳು. ಬಸುರಿಯರಿಗೆ ಈ ರೋಗ ಬಂದರೆ ತಾಯಿಗೆ ಶ್ವಾಸಕೋಶದವರೆಗೆ ಹೋಗಬಹುದು, ಮೊದಲ ತಿಂಗಳುಗಳಲ್ಲಾದರೆ ಅಪರೂಪಕ್ಕೆ ಹೊಟ್ಟೆಯೊಳಗಿನ ಮಗುವಿಗೂ ಊನವಾಗಬಹುದು. ಇದು ನನಗೆ ಗೊತ್ತಿತ್ತು. ಈ ವೈರಾಣು ಗುಳ್ಳೆ ಮುಟ್ಟಿದರೆ ಮಾತ್ರ ಅಂಟುವುದಲ್ಲ, ಗಾಳಿಯಲ್ಲೂ ಹರಡುತ್ತದೆ. ಕಿಟಕಿ ಮುಚ್ಚಿದ ಎ.ಸಿ. ಬಸ್ಸಿನಲ್ಲಿ ಐದಾರು ಗಂಟೆ. ನೀಲಿ ಅಂಗಿಯ ತೋಳು ಗಾಳಿಯನ್ನು ತಡೆಯುತ್ತದೆಯೇ?

'ನಾವು ಹೋಗುವುದಿಲ್ಲ' ಅಂದೆ. ಮಗ ಸಿಟ್ಟಾದ, ಅವನ ಸಿಟ್ಟು ಸಹಜವೇ. ಸೊಸೆ ಅಳುತ್ತಾ ಕೂತಳು. ಆಮೇಲೆ ಅವಳೇ ಎದ್ದು ಅಂಗಿಯನ್ನು ಸೂಟ್‌ಕೇಸಿಗೆ ವಾಪಸ್ ಹಾಕಿ, 'ಡಾಕ್ಟರ್ ಎಲ್ಲಿದ್ದಾರೆ ಕೇಳಿ' ಅಂತ ಗಂಡನಿಗೆ ಹೇಳಿದಳು.

ಹೋಟೆಲಿನ ಸ್ವಾಗತದ ಮೇಜಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಹೊರಗೆ ಹಾಕುತ್ತಾರೇನೋ ಅನ್ನುವ ಭಯವಿತ್ತು. ಹಾಕಲಿಲ್ಲ. ಹತ್ತಿರದಲ್ಲೇ ಹೌಸಿಂಗ್ ಬೋರ್ಡ್ ಕಟ್ಟಡವೊಂದರ ನೆಲಮಹಡಿಯಲ್ಲಿ ರಾತ್ರಿಯೂ ತೆರೆದಿರುವ ಕ್ಲಿನಿಕ್ಕು ಇದೆ ಅಂದರು. ಅಲ್ಲಿಗೆ ಮೊದಲು ಫೋನ್ ಮಾಡಿಸಿದರು. ಇದನ್ನು ಓದುಗರು ಗಮನಿಸಬೇಕು. ಅಂಟುರೋಗದ ಮಗುವನ್ನು ನೇರವಾಗಿ ಎತ್ತಿಕೊಂಡು ಹೋಗಿ ಕಾಯುವ ಜಾಗದಲ್ಲಿ ಕೂರಿಸಬಾರದು. ಅಲ್ಲಿ ಕೂತವರಲ್ಲಿ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು ಇರಬಹುದು, ಎಳೆ ಮಗು ಇರಬಹುದು. ಫೋನ್ ಮಾಡಿದ್ದರಿಂದ ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಸರದಿ ಬಂದಾಗ ಪಕ್ಕದ ಬಾಗಿಲಿನಿಂದ ಒಳಗೆ ಕರೆದರು.

ವೈದ್ಯೆ ಚೀನೀ ಮೂಲದವರು, ನನ್ನ ವಯಸ್ಸಿನವರು. ಒಂದೇ ನೋಟಕ್ಕೆ ಹೌದು ಅಂದರು. ಅವರು ಮಗುವಿಗಿಂತ ಹೆಚ್ಚು ಹೊತ್ತು ನಮ್ಮನ್ನು ವಿಚಾರಿಸಿದರು. ಯಾರಿಗೆ ಹಿಂದೆ ಬಂದಿದೆ, ಯಾರಿಗಿಲ್ಲ, ಎರಡು ದಿನದಿಂದ ಮಗು ಯಾರ ಜೊತೆ ಇತ್ತು? ಮೈಮೇಲೆ ಚುಕ್ಕೆ ಏಳುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ರೋಗ ಅಂಟುತ್ತದಂತೆ, ಕೊನೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ಅಂಟುತ್ತಲೇ ಇರುತ್ತದಂತೆ. ಒಂದೇ ಮನೆಯಲ್ಲಿದ್ದು ಹಿಂದೆ ಬಾರದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಬರುತ್ತದೆ. ನನಗೂ ಮಗನಿಗೂ ಚಿಕ್ಕಂದಿನಲ್ಲೇ ಬಂದು ಹೋಗಿದೆ. ಸೊಸೆಗೆ ಬಂದಿಲ್ಲ, ಲಸಿಕೆಯೂ ಆಗಿಲ್ಲ. ರೋಗಿಯ ಜೊತೆಗಿದ್ದ ಮೇಲೂ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಲಸಿಕೆ ಹಾಕಿಸಿಕೊಂಡರೆ ರೋಗ ತಡೆಯಬಹುದು, ಬಂದರೂ ಹಗುರಾಗುತ್ತದೆ ಅಂದರು. ಬಸುರಿಯಲ್ಲ ಅನ್ನುವುದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅವಳಿಗೆ ಅಲ್ಲೇ ಚುಚ್ಚಿದರು. ಬಸುರಿಯರಿಗೆ ಈ ಲಸಿಕೆ ಕೊಡುವಂತಿಲ್ಲ.

ಅರಸೀಕೆರೆಯ ಹುಡುಗಿಯ ವಿಷಯ ಹೇಳಿದೆ. ವೈದ್ಯೆ ಪೆನ್ನು ಕೆಳಗಿಟ್ಟರು. 'ಇವತ್ತು ರಾತ್ರಿಯೇ ಆಕೆಗೆ ತಿಳಿಸಿ' ಅಂದರು. ಅವಳಿಗೆ ಚಿಕ್ಕಂದಿನಲ್ಲಿ ಬಂದಿದ್ದರೆ ಭಯವಿಲ್ಲ. ನೆನಪಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ರಕ್ಷಣೆ ಇಲ್ಲ ಅಂತಾದರೆ ಹತ್ತು ದಿನದೊಳಗೆ ಕೊಡುವ ಬೇರೆ ಚುಚ್ಚುಮದ್ದಿದೆ. ತಡಮಾಡಿದರೆ ಅದೂ ಕೈತಪ್ಪುತ್ತದೆ. ನಾವು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದರೆ ಆ ಹತ್ತು ದಿನ ಅವಳಿಗೆ ಗೊತ್ತೇ ಆಗದೆ ಕಳೆದುಹೋಗುತ್ತಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಮಗ ಅವರ ಕೋಣೆಗೆ ಫೋನ್ ಮಾಡಿ ಹೇಳಿದ. ಬೈಯುತ್ತಾರೆ ಅಂದುಕೊಂಡಿದ್ದೆವು. ಆಕೆ ಮೊದಲು ಕೇಳಿದ್ದು, 'ಪುಟ್ಟ ಹೇಗಿದ್ದಾನೆ' ಅಂತ. ಅವಳಿಗೆ ಬಂದಿತ್ತೋ ಇಲ್ಲವೋ ನೆನಪಿರಲಿಲ್ಲ. ಅವಳ ತಾಯಿಗೆ ಫೋನ್ ಹಚ್ಚಿದರೆ ಬಂದದ್ದು ಇವಳಿಗೋ ತಂಗಿಗೋ ಅಂತ ಅವರಿಗೂ ಗೊಂದಲ. ಬೆಳಗ್ಗೆ ಆ ದಂಪತಿಯೂ ಬಸ್ಸು ಹತ್ತದೆ ರಕ್ತ ಪರೀಕ್ಷೆ ಮಾಡಿಸಿದರು. ಮಾರನೇ ದಿನ ಫಲಿತಾಂಶ ಬಂತು, ರಕ್ಷಣೆ ಇತ್ತು. ನಾನು ಹೋಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವರು ಆಮೇಲೆ ಹೋಗಿ ಗುಂಪನ್ನು ಸೇರಿಕೊಂಡರು.

ಉಳಿದವರು ನಾವು ನಾಲ್ವರು. ಎರಡು ಕೋಣೆಯನ್ನು ಒಂದಕ್ಕೆ ಇಳಿಸಿಕೊಂಡೆವು. ಗುಳ್ಳೆ ಮೂರು ದಿನ ಏಳುತ್ತಲೇ ಇದ್ದವು, ಮುಖ, ತಲೆಕೂದಲ ಸಂದಿ, ಬಾಯೊಳಗೆ. ಒಂದು ಕಡೆ ಹೊಸ ಚುಕ್ಕೆ, ಪಕ್ಕದಲ್ಲೇ ನೀರು ತುಂಬಿದ್ದು, ಅದರ ಪಕ್ಕ ಒಣಗಿದ್ದು. ಉಗುರು ಬುಡದವರೆಗೆ ಕತ್ತರಿಸಿದೆ. ರಾತ್ರಿ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿ ಮಲಗಿಸಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ತೂಕ ನೋಡಿ. ಪುಟ್ಟ 18 ಕೆ.ಜಿ. ಇದ್ದಾನೆ, ಒಂದು ಸಲಕ್ಕೆ 250 ಮಿಲಿಗ್ರಾಂ, ಬೇಕೆನಿಸಿದರೆ ಆರು ಗಂಟೆಗೊಮ್ಮೆ ಅಂದಿದ್ದರು. ಸಿರಪ್ಪಿನ ಶಕ್ತಿ ಬಾಟಲಿಯಿಂದ ಬಾಟಲಿಗೆ ಬೇರೆ ಇರುತ್ತದೆ, 'ಒಂದು ಮುಚ್ಚಳ' ಅನ್ನುವ ನಮ್ಮ ಲೆಕ್ಕ ನಡೆಯುವುದಿಲ್ಲ. ಆಸ್ಪಿರಿನ್ ಯಾವ ಕಾರಣಕ್ಕೂ ಕೊಡಬಾರದು, ಮಿದುಳಿಗೂ ಪಿತ್ತಜನಕಾಂಗಕ್ಕೂ ಅಪಾಯ. ಐಬುಪ್ರೊಫೆನ್ ಕೂಡ ಬೇಡ ಅಂದರು, ಚರ್ಮದ ಸೋಂಕು ಗಂಭೀರವಾಗುವ ಸಂಭವವಿದೆಯಂತೆ. ನಮ್ಮ ಚೀಲದಲ್ಲಿ ಊರಿಂದ ತಂದಿದ್ದ ಜ್ವರದ ಸಿರಪ್ಪಿನಲ್ಲಿ ಪ್ಯಾರಾಸಿಟಮಾಲ್ ಜೊತೆ ಅದೂ ಬೆರೆತಿತ್ತು. ಲೇಬಲ್ ಓದದೆ ಇದ್ದಿದ್ದರೆ ಅದನ್ನೇ ಕೊಡುತ್ತಿದ್ದೆವು. ಉಸಿರಾಟಕ್ಕೆ ಕಷ್ಟ, ಎಬ್ಬಿಸಿದರೂ ಏಳದಂಥ ಮಂಪರು, ನಡೆಯುವಾಗ ತೂರಾಡುವುದು, ಕುತ್ತಿಗೆ ಸೆಡೆತ, ಗುಳ್ಳೆಯ ಸುತ್ತ ಕೆಂಪಗೆ ಬಾತು ಕೀವು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣ 995ಕ್ಕೆ ಫೋನ್ ಮಾಡಿ ಅಂತ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಕನ್ನಡಿಗೆ ಅಂಟಿಸಿದ್ದೆ. ದೇವರ ದಯೆ, ಬೇಕಾಗಲಿಲ್ಲ.

ಸ್ನಾನದ ವಿಷಯಕ್ಕೆ ಮನೆಯವರಿಗೂ ನನಗೂ ಫೋನಿನಲ್ಲೇ ವಾದವಾಯಿತು. 'ಅಮ್ಮ ಇಳಿಯುವವರೆಗೂ ನೀರು ಮುಟ್ಟಿಸಬೇಡ, ಮದ್ದು ಕೊಟ್ಟರೆ ಅಮ್ಮನಿಗೆ ಕೋಪ ಬರುತ್ತೆ' ಅಂದರು. ವೈದ್ಯೆ ದಿನಾ ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಒರೆಸಿ ಅಂದಿದ್ದರು, ತುರಿಕೆ ಕಮ್ಮಿಯಾಗಿ ಸೋಂಕು ತಡೆಯುತ್ತದೆ ಅಂತ. ನಾನು ನೀರು ಹಾಕಿದೆ. ಹಾಗಂತ ನಮ್ಮ ಹಿರಿಯರದ್ದೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕಲು ಒಪ್ಪುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮ ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡ ಮೇಲೆ ಅಕ್ಕಪಕ್ಕದವರು ಒಳಗೆ ಬರುತ್ತಿರಲಿಲ್ಲ, ಬಸುರಿಯರನ್ನಂತೂ ಆ ಬೀದಿಗೇ ಬಿಡುತ್ತಿರಲಿಲ್ಲ. ಮಗುವಿಗೆ ಬೇರೆ ಚಾಪೆ, ಬೇರೆ ತಟ್ಟೆ, ತಂಪಾದ ಊಟ. ಮನೆಯವರು ಮದುವೆ ಜಾತ್ರೆಗೆ ಹೋಗುತ್ತಿರಲಿಲ್ಲ. ಕೊನೆಗೆ ಮೂರು ನೀರು ಹಾಕಿ, ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟ ಮೇಲೆಯೇ ಹೊರಗೆ. ರೋಗ ಬಂದಿದೆ ಅಂತ ಊರಿಗೆ ಮೊದಲು ಹೇಳುತ್ತಿದ್ದವರೇ ಆ ಮನೆಯವರು. ಅದರಲ್ಲಿ ನಾಚಿಕೆ ಇರಲಿಲ್ಲ.

ಮೂರನೇ ದಿನ, ನನಗೆ ಹಿಂದೆ ಬಂದಿರುವುದರಿಂದ ಹೊರಗೆ ಓಡಾಡಬಹುದು ಅಂತ ವೈದ್ಯೆಯಿಂದ ಹೇಳಿಸಿಕೊಂಡು, ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಗೆ ಹೋದೆ. ಅಕ್ಕಿ, ಮೊಸರು, ಎಳನೀರು ಬೇಕಿತ್ತು. ಸೊಪ್ಪು ಮಾರುವ ತಮಿಳು ಹೆಂಗಸಿನ ಮುಂದೆ ಬೇವಿನ ಸೊಪ್ಪು ಕಂಡು ಎರಡು ಕಟ್ಟು ಎತ್ತಿಕೊಂಡೆ. ಆಕೆ ನನ್ನ ಮುಖ ನೋಡಿ, 'ಅಮ್ಮೈಯಾ?' ಅಂದಳು. ತಮಿಳು ಬರದಿದ್ದರೂ ಅರ್ಥವಾಯಿತು. ತಲೆ ಆಡಿಸಿದೆ. ಇನ್ನೊಂದು ಕಟ್ಟು ಮೇಲೆ ಇಟ್ಟು, ದುಡ್ಡು ಬೇಡ ಅಂತ ಕೈ ಅಡ್ಡ ಮಾಡಿದಳು. ಆ ಊರಿಗೆ ಹೋಗಿ ಎರಡು ದಿನ ದೊಡ್ಡ ದೊಡ್ಡ ಕಟ್ಟಡ ನೋಡಿದ್ದೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಹೆಂಗಸಿನ ಕೈ. ಚೈನಾಟೌನಿನ ಸೌತ್ ಬ್ರಿಡ್ಜ್ ರಸ್ತೆಯಲ್ಲಿ 1827ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ ಅಂತ ಅವಳೇ ಹೇಳಿದಳು, ಸಿಂಗಪುರದ ಹಿಂದೂ ದೇವಸ್ಥಾನಗಳಲ್ಲೆಲ್ಲ ಹಳೆಯದು. ಕಡಲು ದಾಟಿ ಹೋದವರೂ ರೋಗದಿಂದ ಕಾಯುವ ತಾಯಿಯನ್ನು ಮೊದಲು ಕರೆದೊಯ್ದಿದ್ದಾರೆ. ಹೋಗಿ ಕೈಮುಗಿದು ಬಂದೆ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಸಾಲಿನಲ್ಲಿ ನಿಂತಂತೆಯೇ ಅನ್ನಿಸಿತು.

ಕೆಟಲಿನಲ್ಲಿ ಗಂಜಿ ಮಾಡಲು ಆಗಲಿಲ್ಲ, ಮುಸ್ತಫಾ ಅಂಗಡಿಯಲ್ಲಿ ಪುಟ್ಟ ರೈಸ್ ಕುಕ್ಕರ್ ಕೊಂಡೆವು. ಹೋಟೆಲಿನವರು ಕಂಡೂ ಕಾಣದಂತೆ ಇದ್ದರು. ಬಾಗಿಲ ಹಿಡಿಗೆ ಬೇವಿನ ಒಂದು ಕಡ್ಡಿ ಸಿಕ್ಕಿಸಿದ್ದನ್ನೂ ತೆಗೆಯಲಿಲ್ಲ.

ರಾತ್ರಿ ಪುಟ್ಟ ನಿದ್ದೆ ಮಾಡದೆ ಒದ್ದಾಡುವಾಗ ಸೊಸೆ ಫೋನಿನಲ್ಲಿ ಈ ರೋಗದ ಬಗ್ಗೆ ಓದಿ ಹೇಳುತ್ತಿದ್ದಳು. ಮಿಚಿಯಾಕಿ ತಕಾಹಾಶಿ ಅನ್ನುವ ಜಪಾನಿನ ವೈದ್ಯರ ಕತೆ ಸಿಕ್ಕಿತು. 1960ರ ದಶಕದಲ್ಲಿ ಅವರು ಸಂಶೋಧನೆಗೆಂದು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಗ ಮೂರು ವರ್ಷದ ಮಗನಿಗೆ ಇದೇ ರೋಗ ಬಂತು. ತೀರಾ ಜೋರಾಗಿ, ಉಸಿರಾಡಲೂ ಕಷ್ಟವಾಗುವಷ್ಟು. ಗಂಡ ಹೆಂಡತಿ ಇಬ್ಬರೂ ರಾತ್ರಿಯೆಲ್ಲ ಮಗುವಿನ ಪಕ್ಕ ಕೂತಿದ್ದರಂತೆ. ಮಗು ಉಳಿಯಿತು. ವೈರಾಣುಗಳನ್ನೇ ಓದಿಕೊಂಡಿರುವ ತಾನು ಇದಕ್ಕೆ ಏನಾದರೂ ಮಾಡಬೇಕು ಅಂತ ಜಪಾನಿಗೆ ವಾಪಸಾದ ಮೇಲೆ ಕೆಲಸಕ್ಕೆ ಇಳಿದರು. 1974ರಲ್ಲಿ ಲಸಿಕೆ ಸಿದ್ಧವಾಯಿತು. ಸೊಸೆಯ ತೋಳಿಗೆ ಚುಚ್ಚಿದ್ದು ಅದೇ ವಂಶದ ಲಸಿಕೆ. ಪರದೇಶದಲ್ಲಿ ಕಾಯಿಲೆ ಮಗುವಿನ ಪಕ್ಕ ನಿದ್ದೆಗೆಟ್ಟ ಒಬ್ಬ ಅಪ್ಪನಿಂದ ಹುಟ್ಟಿದ್ದು ಅಂತ ಗೊತ್ತಾದಾಗ ನಮ್ಮ ಕೋಣೆಯ ಆ ರಾತ್ರಿ ಸ್ವಲ್ಪ ಹಗುರಾಯಿತು.

ಇನ್ನು ದುಡ್ಡಿನ ಮಾತು, ಓದುವವರು ತಿಳಿದಿರಲಿ. ವಾಪಸ್ ಟಿಕೆಟ್ಟು ಕ್ವಾಲಾಲಂಪುರದಿಂದ ಇತ್ತು, ಗುಂಪಿನ ದರದ್ದು, ಹೋಯಿತು. ಸಿಂಗಪುರದಿಂದ ಹೊಸ ಟಿಕೆಟ್ಟಿಗೆ 68 ಸಾವಿರ. ಎಂಟು ರಾತ್ರಿಯ ಕೋಣೆಗೆ 76 ಸಾವಿರ. ವೈದ್ಯರು, ಲಸಿಕೆ, ಊಟ ಎಲ್ಲ ಸೇರಿ 26 ಸಾವಿರ. ಒಟ್ಟು 1 ಲಕ್ಷ 70 ಸಾವಿರ ರೂಪಾಯಿ. ಪ್ರವಾಸ ವಿಮೆ ಮಾಡಿಸಿದ್ದೆವು, ಅದರಿಂದ ಬಂದದ್ದು ಸೊನ್ನೆ. ಮೊದಲ 100 ಅಮೆರಿಕನ್ ಡಾಲರ್ ವೈದ್ಯಕೀಯ ಖರ್ಚು ನಾವೇ ಭರಿಸಬೇಕು ಅಂತ ಅದರಲ್ಲಿ ಬರೆದಿತ್ತು. ವೈದ್ಯರ ಬಿಲ್ಲು ಆ ಗೆರೆ ದಾಟಲಿಲ್ಲ, ಲಸಿಕೆ ಚಿಕಿತ್ಸೆಯಲ್ಲ ಅಂದರು. ಉಳಿದುಕೊಂಡ ಖರ್ಚು ಆಸ್ಪತ್ರೆಗೆ ದಾಖಲಾದರೆ ಮಾತ್ರವಂತೆ. ಮೋಸ ಮಾಡಿದರು ಅನ್ನಲಾರೆ, ಬರೆದಿದ್ದನ್ನು ನಾವು ಓದಿರಲಿಲ್ಲ. ಆದರೆ ಅಂಟುರೋಗದ ಮಗುವನ್ನು ವಿಮಾನ ಹತ್ತಿಸಬಾರದು ಅನ್ನುವುದು ನಿಯಮವಾಗಿರುವಾಗ, ಅದನ್ನು ಪಾಲಿಸಿ ಉಳಿದವರ ಖರ್ಚಿಗೆ ವಿಮೆ ಇಲ್ಲ ಅಂದರೆ ಜನ ಪೌಡರ್ ಹಚ್ಚಿಯೇ ಹತ್ತುತ್ತಾರೆ. ವಿಮೆ ಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿ: ದಾಖಲಾಗದೆ ವೈದ್ಯರು ಕೋಣೆಯಲ್ಲೇ ಇರಿ ಅಂದರೆ ಕೊಡುತ್ತೀರಾ? ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟು ದಿನ ಇರಲು ಅನುಮತಿ ಇದೆ ಅನ್ನುವುದು ಸಿಂಗಪುರದಲ್ಲಿ ಇ-ಮೇಲ್‌ಗೆ ಬರುವ ಪಾಸಿನಲ್ಲಿರುತ್ತದೆ. ನಮಗೆ 30 ದಿನ ಸಿಕ್ಕಿದ್ದರಿಂದ ಆ ಚಿಂತೆ ಇರಲಿಲ್ಲ. ಏಪ್ರಿಲ್ 20ಕ್ಕೆ ಕೊನೆಯ ಗುಳ್ಳೆಯೂ ಒಣಗಿತು. ವೈದ್ಯೆ ಒಂದೊಂದನ್ನೂ ನೋಡಿ, ಪ್ರಯಾಣ ಮಾಡಬಹುದು ಅಂತ ಕಾಗದ ಬರೆದುಕೊಟ್ಟರು. 21ಕ್ಕೆ ಚಾಂಗಿ ನಿಲ್ದಾಣದಲ್ಲಿ ಪುಟ್ಟನ ಮುಖದ ಹಕ್ಕಳೆ ಕಂಡು ವಿಮಾನದವರು ಕೇಳಿದ್ದು ಆ ಕಾಗದವನ್ನೇ.

ಇದು ಬಂದದ್ದು ಎಲ್ಲಿಂದ? ವೈರಾಣು ಮೈಸೇರಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ, ಸಾಮಾನ್ಯವಾಗಿ ಎರಡು ವಾರ. ಹಿಂದಕ್ಕೆ ಎಣಿಸಿದರೆ ಮಾರ್ಚ್ ಕೊನೆಯ ವಾರ, ಒಂದನೇ ತರಗತಿಯ ಪರೀಕ್ಷೆ. ಪುಟ್ಟನ ಪಕ್ಕದ ಬೆಂಚಿನ ಹುಡುಗನಿಗೆ ಗುಳ್ಳೆ ಇದ್ದವು ಅಂತ ಪುಟ್ಟನೇ ಹೇಳಿದ. 'ಅವನು ಸ್ವೆಟರ್ ಹಾಕ್ಕೊಂಡು ಬಂದಿದ್ದ ಅಜ್ಜಿ.' ಸಕಲೇಶಪುರದ ಮಾರ್ಚ್ ಬಿಸಿಲಲ್ಲಿ ಸ್ವೆಟರು. ನನಗೆ ರಕ್ತ ಕುದಿಯಿತು. ಶಾಲೆಯವರೂ ಒಂದು ಮಾತು ತಿಳಿಸಿರಲಿಲ್ಲ. ಊರಿಗೆ ಬಂದ ಮೇಲೆ ಆ ಹುಡುಗನ ಮನೆಗೆ ಕೇಳಿಯೇ ಬರೋಣ ಅಂತ ಹೋದೆ. ಆ ತಾಯಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಮಾಡುವವರ ಹೆಂಡತಿ. ಬಾಗಿಲು ತೆಗೆದವಳೇ, 'ಪರೀಕ್ಷೆ ತಪ್ಪಿಸಿದರೆ ಮುಂದಿನ ಕ್ಲಾಸಿಗೆ ಹಾಕಲ್ಲ ಅಂದಿದ್ದರು ಟೀಚರ್' ಅಂತ ಅಳುವುದಕ್ಕೇ ಶುರು ಮಾಡಿದಳು. ಏನು ಹೇಳಲಿ? ಅವಳು ಸ್ವೆಟರ್ ಹಾಕಿ ಕಳಿಸಿದಳು, ನಾನು ನೀಲಿ ಅಂಗಿ ಮಡಿಸಿಟ್ಟಿದ್ದೆ. ಅವಳು ಕೊಟ್ಟ ಕಾಫಿ ಕುಡಿದು ಬಂದೆ.

ಆ ತಾಯಿಯನ್ನು ಹೆದರಿಸಿದ ವ್ಯವಸ್ಥೆಯ ಮೇಲೆ ಮಾತ್ರ ನನ್ನ ಸಿಟ್ಟು ಇಳಿದಿಲ್ಲ. ಆರು ವರ್ಷದ ಮಗುವಿನ ಪರೀಕ್ಷೆ ಯಾವ ಲೋಕ ಉರುಳಿಸುತ್ತದೆ? ನಮ್ಮ ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಈ ರೋಗ ಹೆಚ್ಚು ಕಾಣುವುದೇ ಚಳಿ ಮುಗಿದು ಬಿಸಿಲೇರುವ ತಿಂಗಳುಗಳಲ್ಲಿ, ಸರಿಯಾಗಿ ಪರೀಕ್ಷೆಯ ಹೊತ್ತಿಗೆ. ಸರ್ಕಾರಿ, ಖಾಸಗಿ ಎಲ್ಲ ಶಾಲೆಗಳಿಗೂ ಫೆಬ್ರವರಿಯಲ್ಲೇ ಸುತ್ತೋಲೆ ಹೊರಡಿಸಿ. ಗುಳ್ಳೆ ಒಣಗುವವರೆಗೆ ಮಗು ಮನೆಯಲ್ಲಿರಲಿ, ಪರೀಕ್ಷೆ ಆಮೇಲೆ ಬರೆಸಿ. ತರಗತಿಯಲ್ಲಿ ಒಂದು ಮಗುವಿಗೆ ಬಂದರೆ ಹೆಸರು ಹೇಳದೆ ಉಳಿದ ಪೋಷಕರಿಗೆ ಅವತ್ತೇ ಸಂದೇಶ ಕಳಿಸಿ. ನಮಗೆ ಆ ಸಂದೇಶ ಬಂದಿದ್ದರೆ ಪ್ರವಾಸ ಮುಂದೂಡುತ್ತಿದ್ದೆವು.

ಲಸಿಕೆ ಯಾಕೆ ಹಾಕಿಸಿರಲಿಲ್ಲ ಅಂತ ನೀವು ಕೇಳಬಹುದು. ಪುಟ್ಟ ಹುಟ್ಟಿದ್ದು 2019ರ ಫೆಬ್ರವರಿಯಲ್ಲಿ. ಹದಿನೈದು ತಿಂಗಳಿಗೆ ಮೊದಲ ಡೋಸ್ ಹಾಕಿಸಬೇಕಿತ್ತು, ಆಗ 2020ರ ಮೇ, ಲಾಕ್‌ಡೌನ್. ಆಮೇಲೆ ಮರೆತೆವು. ತಾಯಿ ಕಾರ್ಡಿನಲ್ಲಿ ಇರುವುದನ್ನೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದು ನೆನಪಿಸಿ ಹಾಕಿಸಿದರು, ಪೋಲಿಯೊ, ದಡಾರ-ರುಬೆಲ್ಲಾ ಒಂದೂ ತಪ್ಪಿಲ್ಲ. ಸೀತಾಳೆ ಸಿಡುಬಿನ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕೆಗಳ ಪಟ್ಟಿಯಲ್ಲಿಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ನಮಗೆ ಹೇಳಿದ ಬೆಲೆ 2,100 ರೂಪಾಯಿ, ಎರಡು ಡೋಸ್ ಬೇಕು. ತೋಟದ ಕೂಲಿಯವರು ಎಲ್ಲಿಂದ ತರಬೇಕು? ಸಿಂಗಪುರದಲ್ಲಿ 2020ರ ನವೆಂಬರ್‌ನಿಂದ ಇದು ಅಲ್ಲಿನ ಮಕ್ಕಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ನಮ್ಮಲ್ಲೂ ಸೇರಲಿ. ಅಲ್ಲಿಯವರೆಗೆ, ಟಿಕೆಟ್ಟಿಗೆ ಲಕ್ಷ ಲಕ್ಷ ಕೊಡುವ ನಮ್ಮಂಥವರಾದರೂ ಹೊರಡುವ ಒಂದೆರಡು ತಿಂಗಳು ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಕಾರ್ಡು ಹಿಡಿದು ಹೋಗಬೇಕು. ದೊಡ್ಡವರೂ ತಮಗೆ ಬಂದಿದೆಯೋ ಇಲ್ಲವೋ ಅಂತ ತಾಯಂದಿರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮಂಥ ಬಿಸಿ ದೇಶಗಳಲ್ಲಿ ಇದು ಬಾರದೆಯೇ ದೊಡ್ಡವರಾದವರು ಬಹಳ ಜನ ಇರುತ್ತಾರಂತೆ, ದೊಡ್ಡವರಿಗೆ ಬಂದರೆ ಮಕ್ಕಳಿಗಿಂತ ಜೋರು.

ಪ್ರವಾಸ ಕರೆದೊಯ್ಯುವವರಿಗೆ ಹೇಳುವುದು ಒಂದೇ. ಆ ಹುಡುಗನಿಗೆ ಏನು ಮಾಡಬೇಕು ಅಂತ ಯಾರೂ ಕಲಿಸಿರಲಿಲ್ಲ, ಗುಂಪು ತಡವಾದರೆ ಬೈಗುಳ ತಿನ್ನುವವನು ಅವನೇ. ಮಗುವಿಗೆ ಜ್ವರ, ಗುಳ್ಳೆ ಕಂಡರೆ ಯಾವ ವೈದ್ಯರಿಗೆ ಫೋನ್ ಮಾಡಬೇಕು, ಒಂದು ಕುಟುಂಬ ಹಿಂದೆ ಉಳಿದರೆ ಯಾರು ಜೊತೆಗಿರಬೇಕು, ಟಿಕೆಟ್ಟು ಏನಾಗುತ್ತದೆ, ಇದನ್ನು ಹೊರಡುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಅವನ ಕೈಗೂ ನಮ್ಮ ಕೈಗೂ ಕೊಡಿ.

ವಾಪಸ್ ಬಂದ ಮೇಲೆ ವೈದ್ಯೆ ಹೇಳಿದಂತೆ ಸೊಸೆ 21 ದಿನ ತುಂಬುವವರೆಗೆ ಯಾರ ಮನೆಗೂ ಹೋಗದೆ ದಿನ ಎಣಿಸುತ್ತಿದ್ದಳು. ಏಪ್ರಿಲ್ 27ಕ್ಕೆ ಅವಳಿಗೆ ಹತ್ತೋ ಹನ್ನೆರಡೋ ಗುಳ್ಳೆ ಎದ್ದವು, ಜ್ವರ ಇರಲಿಲ್ಲ. ಲಸಿಕೆ ಹಾಕಿಸಿದ್ದಕ್ಕೇ ಇಷ್ಟರಲ್ಲಿ ಹೋಯಿತು ಅಂತ ಹಾಸನದ ಡಾಕ್ಟರು ಫೋನಿನಲ್ಲಿ ಅಂದರು. ಅವತ್ತು ಸಂಜೆ ನಮ್ಮನೆಯವರೇ ಹಿತ್ತಲಿಗೆ ಹೋಗಿ ಬೇವಿನ ಕೊಂಬೆ ತಂದು ಬಾಗಿಲಿಗೆ ಕಟ್ಟಿದರು. ಪಕ್ಕದ ಮನೆಯ ಬಾಣಂತಿ ಮಗು ಎತ್ತಿಕೊಂಡು ಬರುತ್ತಿದ್ದವಳು ಗೇಟಿನ ಹತ್ತಿರವೇ ನಿಂತು, 'ಏನಾದರೂ ತಂದುಕೊಡಬೇಕಾ ಮಿಸ್' ಅಂತ ಅಲ್ಲಿಂದಲೇ ಕೂಗಿ ಕೇಳಿದಳು. ಮೊಸರು ಬೇಕಿತ್ತು, ಕೇಳಿದೆ. ಗೇಟಿನ ಕಂಬದ ಮೇಲೆ ಇಟ್ಟು ಹೋದಳು.

— ನಿವೃತ್ತ ಶಿಕ್ಷಕಿ,
ಸಕಲೇಶಪುರ, ಹಾಸನ ಜಿಲ್ಲೆ